ನೆಲ್ಲಿಮರ ತನ್ನ ಸಿಹಿಯನ್ನು ಹೊಳೆಗೆ ಕೊಟ್ಟಿದ್ದು

ಭೂಮಿ ಆಗಿನ್ನೂ ಹೊಸದು. ಗುಡ್ಡದ ಬಂಡೆಗಳು ಯಾರ ಮೇಲೆ ಯಾರು ಕೂರಬೇಕು ಅಂತ ಜಗಳವಾಡಿ ಆಗಷ್ಟೇ ಸುಮ್ಮನಾಗಿದ್ದವು. ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ, ದಾರಿ ಕೇಳಿಕೊಂಡು ಹೋಗುತ್ತಿತ್ತು.

ಆ ಕಾಲದಲ್ಲಿ ತಿನ್ನೋದೆಲ್ಲ ಸಿಹಿ. ಮಾವು ಸಿಹಿ, ನೇರಳೆ ಸಿಹಿ. ಹುಣಸೆಯೂ ಸಿಹಿ ಅಂದರೆ ನೀನು ನಗುತ್ತೀಯ, ನಗು. ಬೇವಿನ ಚಿಗುರನ್ನೂ ಚಪ್ಪರಿಸಿಕೊಂಡು ತಿನ್ನುತ್ತಿದ್ದ ಕಾಲ ಅದು. ಹುಳಿ, ಒಗರು, ಕಹಿ ಅನ್ನೋ ಮಾತು ಯಾರ ಬಾಯಲ್ಲೂ ಇನ್ನೂ ಹುಟ್ಟಿರಲಿಲ್ಲ.

ಆ ಗುಡ್ಡದ ಗವಿಯಲ್ಲಿ ಜಡೆವ್ವ ಅನ್ನೋ ಕರಡಿ ಇದ್ದಳು. ಮೈತುಂಬ ಉದ್ದುದ್ದ ಕರಿ ಕೂದಲು, ಬಾಚುವವರು ಯಾರೂ ಇಲ್ಲ. ಅವಳಿಗೆ ಒಂದೇ ಮರಿ, ಬೊಮ್ಮ. ಅವ್ವನ ಬೆನ್ನೇರಿ, ಎರಡು ಮುಷ್ಟಿಯಲ್ಲೂ ಕೂದಲು ಬಿಗಿಯಾಗಿ ಹಿಡಿದು ಕೂತರೆ ಗುಡ್ಡವೆಲ್ಲ ಅವನದೇ.

ಹಗಲೆಲ್ಲ ಬಂಗಾರದಂಥ ಮರಿ. ಮಲಗುವ ಹೊತ್ತಿಗೆ ಮಾತ್ರ ರಂಪವೋ ರಂಪ. ಜಡೆವ್ವ ಬಂಡೆ ಸಂದಿನ ಜೇನುತಟ್ಟಿಯಿಂದ ಒಂದಿಷ್ಟು ಜೇನು ತಂದು ಅವನ ಬಾಯಿಗೆ ಸವರುತ್ತಿದ್ದಳು. ಅವನು ಚೀಪುತ್ತ ಚೀಪುತ್ತ ನಿದ್ದೆ ಹೋಗುತ್ತಿದ್ದ. ಜೇನು ಬೆಳಗಿನ ತನಕ ಹಲ್ಲಿಗೆ ಅಂಟಿಕೊಂಡೇ ಇರುತ್ತಿತ್ತು. ಮುದ್ದು ಅಂದರೆ ಇದೇ ಅಂತ ಅವಳು ತಿಳಿದಿದ್ದಳು. ಪಾಪ, ಯಾವ ತಾಯಿ ಹಾಗೆ ತಿಳಿಯೋದಿಲ್ಲ ಹೇಳು.

ಮೊದಲು ಬೊಮ್ಮನ ಹಲ್ಲಿನ ಮೇಲೆ ಕಂದು ಚುಕ್ಕೆ ಕಂಡಿತು. ಮಣ್ಣು ತಿಂದಿದ್ದಾನೆ ಅಂದುಕೊಂಡಳು. ಚುಕ್ಕೆ ಕಪ್ಪಾಯಿತು, ಕಪ್ಪಾದದ್ದು ತೂತಾಯಿತು. ವಸಡು ಊದಿ ರಕ್ತ ಬಂತು. ಒಂದು ಬೆಳಿಗ್ಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಗವಿಯ ನೆಲದ ಮೇಲೆ ಬಿದ್ದಿದ್ದವು. ಆಮೇಲೆ ಬೊಮ್ಮ ಏನು ಕೊಟ್ಟರೂ ಬಾಯಿ ತೆರೆಯಲಿಲ್ಲ. ಸಿಹಿ ತಾಗಿದರೆ ಸಾಕು, ಚುಚ್ಚಿದ ಹಾಗೆ ಕಿರುಚುತ್ತಿದ್ದ. ತಿನ್ನದೆ ತಿನ್ನದೆ ಅವ್ವನ ಬೆನ್ನ ಮೇಲೆ ದಿನದಿಂದ ದಿನಕ್ಕೆ ಹಗುರವಾದ.

ಜಡೆವ್ವ ದಿಕ್ಕು ತೋಚದೆ ಗಾಳಿಯನ್ನು ಕರೆದಳು. ಎಲ್ಲ ಕಡೆ ತಿರುಗುವವನು, ಕಾಣದ್ದು ಏನಿದೆ ಅಂತ. ಗಾಳಿಯಪ್ಪ ಬಂದ, ಬೊಮ್ಮನ ಬಾಯೊಳಗೆ ಹೊಕ್ಕ, ಹೊಕ್ಕಷ್ಟೇ ಬೇಗ ಮೂಗು ಮುಚ್ಚಿಕೊಂಡು ಹೊರಗೆ ಬಂದ. ಆಮೇಲೆ ಮೆಲ್ಲಗೆ ಹೇಳಿದ.

"ರಾತ್ರಿಯೆಲ್ಲ ಅಂಟಿಕೊಂಡ ಸಿಹಿ ಹಲ್ಲನ್ನೇ ತಿಂದೈತೆ ಜಡೆವ್ವ. ಸಿಹಿ ಇಲ್ಲದ್ದು ಏನಾದ್ರೂ ಹುಡುಕಿ ತಿನ್ನಿಸು. ಇಲ್ಲಾಂದ್ರೆ ಕೂಸು ಉಳಿಯಲ್ಲ."

"ಸವರಿದವಳು ನಾನೇ," ಅಂದಳು ಜಡೆವ್ವ.

ಸಿಹಿ ಇಲ್ಲದ್ದನ್ನು ಎಲ್ಲಿಂದ ತರೋದು? ಅಂಥದ್ದು ಲೋಕದಲ್ಲೇ ಇರಲಿಲ್ಲವಲ್ಲ. ಅವಳು ಮರಿಯನ್ನು ಹೊತ್ತು ಮರದಿಂದ ಮರಕ್ಕೆ ಹೋದಳು, ನಿನ್ನ ಒಂದು ಕೊಂಬೆಯನ್ನಾದರೂ ಸಪ್ಪೆ ಮಾಡಿಕೊಡು ಅಂತ ಬೇಡಿದಳು. ಸಿಹಿ ಹೋದರೆ ನನ್ನ ಹತ್ತಿರ ಯಾರು ಬರುತ್ತಾರೆ, ಬೀಜ ಹೊರುವವರು ಯಾರು ಅಂತ ಮಾವು ಕೇಳಿತು. ಈ ಸಲದ ಹಣ್ಣು ಮುಗಿಯಲಿ, ನೋಡೋಣ ಅಂತು ನೇರಳೆ. ಹುಣಸೆ ನಿದ್ದೆ ಬಂದವರ ಹಾಗೆ ನಟಿಸಿತು, ಕಳ್ಳ.

ಗುಡ್ಡ ಹತ್ತುವಾಗ ಬೊಮ್ಮನ ಮುಷ್ಟಿ ಸಡಿಲವಾಯಿತು. ಬೆನ್ನಿಂದ ಜಾರಿ ಬಿದ್ದ, ಅಳಲೂ ಇಲ್ಲ. ಜಡೆವ್ವ ಅವನನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಸಣ್ಣ ಮರದ ಕೆಳಗೆ ತಂದು ಮಲಗಿಸಿದಳು. ಅದು ನೆಲ್ಲಿಮರ. ಎಲೆ ಸಣ್ಣದು, ನೆರಳು ಅಷ್ಟಕ್ಕಷ್ಟೇ, ಆದರೆ ಇಡೀ ಗುಡ್ಡದಲ್ಲಿ ಅದರ ಕಾಯಿಯಷ್ಟು ಸಿಹಿ ಇನ್ನೊಂದಿಲ್ಲ. ಕೊಂಬೆ ತುಂಬ ಹಕ್ಕಿಗಳು. ಜಡೆವ್ವ ಅದನ್ನು ಏನೂ ಬೇಡಲಿಲ್ಲ, ಬೇಡಿ ಬೇಡಿ ಸಾಕಾಗಿತ್ತು.

"ಒಂದೀಟು ಹೊತ್ತು ಕಾಯಿ ಉದುರಿಸಬ್ಯಾಡ ತಾಯಿ," ಅಂದಳು. "ವಾಸನೆಗೆ ಆಸೆ ಪಟ್ಟಾನು. ಸಿಹಿ ಹಲ್ಲನ್ನೇ ತಿಂದೈತೆ, ತಿನ್ನಾಕೆ ಆಗಲ್ಲ ಅವನಿಗೆ."

ಮರ ಮರಿಯನ್ನು ನೋಡಿತು. ತನ್ನ ಹಕ್ಕಿಗಳನ್ನು ನೋಡಿತು. ಅದಕ್ಕೂ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಅದರ ಹತ್ತಿರ ಇದ್ದದ್ದೇ ಆ ಒಂದು ಸಿಹಿ. ಆದರೂ ಕೆಳಗಿನ ಹೊಳೆಯನ್ನು ಕೂಗಿತು.

"ಹೊಳೆವ್ವಾ, ನನ್ನ ಸಿಹೀನ ನಿನ್ನ ಹತ್ರ ಇಟ್ಕೋ. ಅದು ಹೋದ ಮ್ಯಾಲೆ ನಾನು ಏನಾಗಿ ಉಳೀತೀನೋ ಗೊತ್ತಿಲ್ಲ. ನನ್ನ ಕಾಯಿ ಅಗಿದು, ನಿನ್ನ ನೀರಲ್ಲಿ ಬಾಯಿ ತೊಳಕೊಂಡವರಿಗೆ ಮಾತ್ರ ಆ ಸಿಹೀನ ಒಂಚೂರು ತೋರಿಸು. ಹಲ್ಲಿನ ಮ್ಯಾಲೆ ಕೂರಬಾರದು. ಬಂದಂಗೇ ಹೋಗಬೇಕು."

ಹೊಳೆವ್ವ ಹರಿಯುವುದನ್ನು ನಿಲ್ಲಿಸಿ, ಆಗಲಿ ಅಂದಳು.

ಆಮೇಲೆ ನಡೆದದ್ದನ್ನು ನೋಡಿದವರು ಬಾಯಿ ಮುಚ್ಚುವುದನ್ನೇ ಮರೆತರು. ನಡು ಮಧ್ಯಾಹ್ನ, ಗಾಳಿಯಪ್ಪ ಉಸಿರು ಬಿಗಿ ಹಿಡಿದು ನಿಂತ. ಒಂದೊಂದು ಕಾಯಿಯ ತೊಟ್ಟಿನಿಂದ ತುದಿಯ ತನಕ ಸಿಹಿ ಬೆಳಕಾಗಿ ಇಳಿಯಿತು. ಇಳಿದ ದಾರಿಯಲ್ಲೆಲ್ಲ ಕಾಯಿಯ ಮೇಲೆ ತೆಳ್ಳಗೆ ಗೆರೆ ಬಿತ್ತು. ಬೆಳಕು ಹನಿಹನಿಯಾಗಿ ಬಂಡೆಯ ಮೇಲೆ ಹರಿದು ಹೊಳೆಗೆ ಸೇರಿತು. ಈ ದಡದಿಂದ ಆ ದಡದ ತನಕ ನೀರು ಒಂದು ಗಳಿಗೆ ಹೊನ್ನಿನ ಬಣ್ಣವಾಗಿ, ಮತ್ತೆ ಬರೀ ನೀರಾಯಿತು. ಬಾಯಿಬಡುಕ ಬಂಡೆಗಳೂ ಗಪ್‌ಚಿಪ್. ಜಡೆವ್ವನ ಅಷ್ಟುದ್ದದ ಕೂದಲೆಲ್ಲ ನೆಟ್ಟಗೆ ನಿಂತಿತು.

ಒಂದು ಕಾಯಿ ಉದುರಿತು. ಬೊಮ್ಮ ಮೂಸಿ, ಹೆದರುತ್ತಲೇ ಕಚ್ಚಿದ. ಅಬ್ಬಾ, ಅವನ ಮುಖ ನೋಡಬೇಕಿತ್ತು. ಒಂದು ಕಣ್ಣು ಮುಚ್ಚಿತು, ಕಿವಿ ಮಡಚಿತು, ಬಾಯಿ ತುಂಬ ಜೊಲ್ಲು ಸುರಿಯಿತು. ನೀನೂ ಮೋಸ ಮಾಡಿದೆಯಾ ಅನ್ನೋ ಹಾಗೆ ಅವ್ವನನ್ನು ನೋಡಿದ. ಲೋಕದ ಮೊದಲ ಹುಳಿ ಅದು. ಆದರೆ ಕಿರುಚಲಿಲ್ಲ, ಪೂರ್ತಿ ಅಗಿದ.

ಜಡೆವ್ವ ಅವನನ್ನು ಹೊಳೆಗೆ ಒಯ್ದಳು. ಅವನು ಒಂದು ಗುಟುಕು ಕುಡಿದು ನಿಲ್ಲಿಸಿದ. ನೀರನ್ನೇ ದಿಟ್ಟಿಸಿದ. ಮತ್ತೊಂದು ಗುಟುಕು ಕುಡಿದ.

"ಅವ್ವಾ," ಅಂದ, "ನೀರು ಸಿಹಿ ಐತೆ."

ಎಷ್ಟೋ ದಿನದ ಮೇಲೆ ಅವನು ಆಡಿದ ಮಾತು. ಅವಳೂ ಕುಡಿದು ನೋಡಿದಳು. ಬರೀ ನೀರು. ಮಗ ಕನವರಿಸುತ್ತಿದ್ದಾನೆ ಅಂದುಕೊಂಡಳು. ಆಮೇಲೆ ಮರದ ಮಾತು ನೆನಪಾಗಿ, ಓಡಿ ಹೋಗಿ ತಾನೂ ಒಂದು ನೆಲ್ಲಿಕಾಯಿ ತಿಂದು ಬಂದು ಕುಡಿದಳು. ಹೌದು, ಸಿಹಿ. ಕುಡಿದವಳು ಅಲ್ಲೇ ನೀರೊಳಗೆ ಕೂತುಬಿಟ್ಟಳು. ಕೂಸು ಉಳಿಯಿತು ಅಂತ ಆ ಹೊತ್ತಿಗೆ ಅವಳಿಗೆ ಗೊತ್ತಾಯಿತು.

ಅಂದಿನಿಂದ ಜೇನು ಅಪರೂಪಕ್ಕೆ, ಅದೂ ಹಗಲಲ್ಲಿ, ಮೇಲೆ ನೀರು ಕುಡಿಸಿಯೇ. ಹೊಟ್ಟೆ ತುಂಬಿಸಲು ಗೆದ್ದಲು. ಮುಂದಿನ ಎರಡು ಹಲ್ಲಿನ ಜಾಗದಲ್ಲಿ ತುಟಿ ಕೂಡಿಸಿ ಹುತ್ತದಿಂದ ಸೊರ್ರನೆ ಎಳೆಯೋದನ್ನು ಬೊಮ್ಮ ತಾನೇ ಕಲಿತುಕೊಂಡ. ವಸಡು ಗಟ್ಟಿಯಾಯಿತು, ಹೊಸ ಹಲ್ಲು ಬಂದವು, ಆ ಎರಡು ಮಾತ್ರ ಬರಲಿಲ್ಲ. ಅವನ ಮಕ್ಕಳು ಮೊಮ್ಮಕ್ಕಳಿಗೂ ಇಲ್ಲ, ಬೇಕಾದರೆ ಕರಡಿ ಬಾಯಿ ತೆರೆದಾಗ ನೋಡು, ದೂರದಿಂದ. ನೆಲ್ಲಿಯನ್ನು ನೋಡಿ ಹುಣಸೆಗೂ ನಾಚಿಕೆಯಾಗಿ ಹುಳಿಯಾಯಿತು. ಬೇವು ಎಲ್ಲರನ್ನೂ ಮೀರಿಸಲು ಹೋಗಿ ಕಹಿಯೇ ಆಗಿಬಿಟ್ಟಿತು.

ಇವತ್ತೂ ನೀನು ಗೆರೆಗೆರೆಯ ನೆಲ್ಲಿಕಾಯಿಯನ್ನು ಉಪ್ಪಿಗೆ ಅದ್ದಿ ಕಚ್ಚಿ, ಮುಖ ಕಿವುಚಿಕೊಂಡು, ಮೇಲೆ ನೀರು ಕುಡಿದು, ಇದ್ಯಾಕೆ ಸಿಹಿಯಾಯಿತು ಅಂತ ಲೋಟದೊಳಗೆ ಇಣುಕುತ್ತೀಯಲ್ಲ, ಆ ಮರಿ ಬದುಕಲಿ ಅಂತ ಮರ ಬಿಟ್ಟುಕೊಟ್ಟ ಸಿಹಿಯನ್ನು ಹೊಳೆವ್ವ ಇನ್ನೂ ಹಾಗೇ ಕಾಪಾಡಿಕೊಂಡಿದ್ದಾಳೆ, ಅದನ್ನೇ ಆಗ ನಿನ್ನ ನಾಲಿಗೆಗೆ ಒಂಚೂರು ಮುಟ್ಟಿಸಿ ಹೋಗುತ್ತಾಳೆ.