ವಿಲೋಫೋರ್ಡ್ ತಂಡದ ಮೂರು ವರ್ಷ

ಅಮೆರಿಕದ ವಿಲೋಫೋರ್ಡ್ ಎಂಬ ಪುಟ್ಟ ಊರಿನಲ್ಲಿ ಹೋರೇಸ್ ಎಂಬ ಮರದ ಮಿಲ್ಲಿನ ಮಾಲೀಕನಿದ್ದ. ಅವನು ಊರಿಗೊಂದು ಫುಟ್ಬಾಲ್ ತಂಡ ಕಟ್ಟಿದ. ಇದು ನಾವು ಕಾಲಿನಿಂದ ಒದ್ದು ಆಡುವ ಫುಟ್ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ತೋಳಲ್ಲಿ ಅವುಚಿಕೊಂಡು ಓಡಬೇಕು. ಎದುರಾಳಿಗಳು ಹಿಡಿದು ಕೆಡವುತ್ತಾರೆ. ದೊಡ್ಡ ನಗರಗಳ ಹೆಸರಾಂತ ತಂಡಗಳ ನಡುವೆ ಇಂಥ ಊರಿಗೆ ಜಾಗವಿರಲಿಲ್ಲ. ಆದ್ದರಿಂದ ಅಕ್ಕಪಕ್ಕದ ಸಣ್ಣ ಊರುಗಳ ಲೀಗಿನಲ್ಲೇ ಅದು ಆಡತೊಡಗಿತು.

ಮೊದಲ ವರ್ಷ ತಂಡದಲ್ಲಿದ್ದವರೆಲ್ಲ ಊರಿನವರೇ. ಮನೆಮನೆಗೆ ಹಾಲು ಹಾಕುವ ಎಮೆಟ್ ನಾಯಕ. ಕಮ್ಮಾರ, ಕಟುಕ, ಶಾಲೆಯ ಗಣಿತದ ಮೇಷ್ಟ್ರು, ಮಿಲ್ಲಿನ ಕೂಲಿಗಳು ಅವನ ಜೊತೆಗಾರರು. ದಿನವಿಡೀ ದುಡಿದು ಸಂಜೆ ಅಭ್ಯಾಸ ಮಾಡುತ್ತಿದ್ದರು. ಹತ್ತು ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಆದರೂ ಭಾನುವಾರ ಮೈದಾನದಲ್ಲಿ ನಿಲ್ಲಲು ಜಾಗ ಸಿಗುತ್ತಿರಲಿಲ್ಲ.

ಹೋರೇಸನಿಗೆ ಸೋಲು ಹಿಡಿಸಲಿಲ್ಲ. ಪಕ್ಕದ ಊರಿನ ತಂಡದ ಮಾಲೀಕ ನಾಲ್ಕು ಜನರೆದುರು ಅವನನ್ನು ಗೇಲಿ ಮಾಡಿದ್ದ. ಎರಡನೆಯ ವರ್ಷ ಹೋರೇಸ್ ನಗರದಿಂದ ಸಂಬಳದ ಆಟಗಾರರನ್ನು ಕರೆಸಿದ. ಅವರು ಶನಿವಾರ ರೈಲಿನಲ್ಲಿ ಬಂದು, ಭಾನುವಾರ ಆಡಿ, ಅಂದೇ ಸಂಜೆ ಹೊರಟುಬಿಡುತ್ತಿದ್ದರು. ಹೋರೇಸ್ ಹಳಬರನ್ನೆಲ್ಲ ಕರೆದು, ಇನ್ನು ನೀವು ಬೇಕಾಗಿಲ್ಲ ಎಂದ. ಎಮೆಟ್ ತನ್ನ ತಂಡದ ಅಂಗಿಯನ್ನು ಒಗೆದು, ಮಡಚಿ, ಮಿಲ್ಲಿನ ಕಚೇರಿಯಲ್ಲಿ ಇಟ್ಟುಹೋದ.

ಹೊಸ ತಂಡ ಒಂಬತ್ತು ಪಂದ್ಯ ಗೆದ್ದಿತು. ಕಪ್ಪೂ ಬಂತು. ಆದರೆ ಪ್ರತಿ ಭಾನುವಾರ ಜನ ಕಡಿಮೆಯಾಗುತ್ತ ಹೋದರು. ಕಪ್ ಕೊಟ್ಟ ದಿನ ಅಲ್ಲಿದ್ದವರು ನಲವತ್ತು ಮಂದಿಯೂ ಇಲ್ಲ. ಚಳಿ ಹೆಚ್ಚಾಗಿದೆ, ಅದಕ್ಕೇ ಯಾರೂ ಬಂದಿಲ್ಲ ಎಂದು ಹೋರೇಸ್ ತನಗೆ ತಾನೇ ಹೇಳಿಕೊಂಡ.

ಮೂರನೆಯ ವರ್ಷ ನೋಡುಗರ ಬೆಂಚುಗಳು ಬಹುತೇಕ ಖಾಲಿ. ಬೇರೆ ತಂಡದವರು ಹೆಚ್ಚಿನ ಸಂಬಳದ ಆಸೆ ತೋರಿಸಿದ ಕೂಡಲೇ ನಗರದ ಆಟಗಾರರು ಒಬ್ಬೊಬ್ಬರಾಗಿ ಜಾರಿಕೊಂಡರು. ಆರನೆಯ ಪಂದ್ಯದ ಹೊತ್ತಿಗೆ ಉಳಿದವರು ನಾಲ್ವರು.

ಹೋರೇಸ್ ಬೇಕರಿಯ ಆಗ್ನೆಸ್ ಅಜ್ಜಿಯ ಬಳಿ ಹೋದ. ಮೊದಲ ವರ್ಷ ಅವಳು ಒಂದು ಪಂದ್ಯವನ್ನೂ ಬಿಟ್ಟವಳಲ್ಲ. ಗೆಲ್ಲುವ ತಂಡ ಕೊಟ್ಟರೂ ಯಾಕೆ ಬರುವುದನ್ನು ಬಿಟ್ಟಿರಿ ಎಂದು ಅವಳನ್ನು ಕೇಳಿದ.

ಅಜ್ಜಿ ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡಳು. "ಎಮೆಟ್ ಬಿದ್ದರೆ, ನಾಳೆ ಇವನು ಎದ್ದು ಹಾಲು ತರುತ್ತಾನೋ ಇಲ್ಲವೋ ಅಂತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು ಹೋರೇಸ್. ಈಗ ಬೀಳುವವರು ಯಾರೋ ನನಗೆ ಗೊತ್ತಿಲ್ಲ. ಗೆಲ್ಲುವವರೂ ಯಾರೋ ಗೊತ್ತಿಲ್ಲ."

ಹೋರೇಸ್ ಅಲ್ಲಿಂದ ನೇರವಾಗಿ ಎಮೆಟನ ಮನೆಗೆ ನಡೆದ. ಬಾಗಿಲಲ್ಲೇ ನಿಂತು, "ನಾನು ತಪ್ಪು ಮಾಡಿದೆ. ಮತ್ತೆ ಆಡುತ್ತೀಯಾ?" ಎಂದ.

ಎಮೆಟ್ ಹೇಳಿದ: "ನಾನು ಆಡುತ್ತೇನೆ ಸರ್. ಉಳಿದವರನ್ನು ನೀವೇ ಹೋಗಿ ಕೇಳಬೇಕು. ಅವರಿಗೂ ನೋವಾಗಿದೆ."

ಹೋರೇಸ್ ಮನೆಮನೆಗೆ ಹೋಗಿ ಕೇಳಿದ. ಕಮ್ಮಾರ ಮುಖಕ್ಕೆ ಹೊಡೆದಂತೆ ಆಗುವುದಿಲ್ಲ ಎಂದ. ಮೇಷ್ಟ್ರು ಒಂದು ವಾರ ಸತಾಯಿಸಿ ಒಪ್ಪಿಕೊಂಡರು. ಅಂತೂ ಒಂದು ತಂಡ ಕೂಡಿತು. ಉಳಿದ ನಾಲ್ಕು ಪಂದ್ಯಗಳಲ್ಲಿ ಅವರು ಮೂರನ್ನು ಸೋತು ಒಂದನ್ನು ಸಮ ಮಾಡಿಕೊಂಡರು. ಕೊನೆಯ ಪಂದ್ಯದಲ್ಲಂತೂ ಹೀನಾಯವಾಗಿ ಸೋತರು. ಆ ದಿನ ಮೈದಾನ ತುಂಬಿತ್ತು. ಆಟ ಮುಗಿಯುವವರೆಗೆ ಒಬ್ಬರೂ ಏಳಲಿಲ್ಲ. ಮುಗಿದ ಮೇಲೆ ಕೆಸರು ಮೆತ್ತಿದ ಆಟಗಾರರ ಜೊತೆ ಊರೇ ಪೇಟೆಯವರೆಗೆ ನಡೆದು ಬಂತು. ಕಮ್ಮಾರನೂ ಆ ಗುಂಪಿನಲ್ಲಿದ್ದ.

ಅದರಿಂದ ತಂಡವೇನೂ ಉಳಿಯಲಿಲ್ಲ. ಆ ಚಳಿಗಾಲದಲ್ಲಿ ಸಣ್ಣ ಊರುಗಳ ಆ ಲೀಗೇ ನಿಂತುಹೋಯಿತು. ವಿಲೋಫೋರ್ಡ್ ತಂಡ ಅಲ್ಲಿಗೆ ಮುಗಿಯಿತು.

ಎಷ್ಟೋ ವರ್ಷ ಕಳೆದ ಮೇಲೂ ಆ ಊರಿನ ಹಿರಿಯರು ತಂಡದ ಮಾತು ಬಂದರೆ ಸೋತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಗೆದ್ದವರಲ್ಲಿ ಒಬ್ಬನ ಹೆಸರನ್ನಾದರೂ ಹೇಳಿ ಎಂದರೆ ಯೋಚಿಸುತ್ತ ಕೂರುತ್ತಿದ್ದರು. ಹೋರೇಸನಿಗೂ ಆ ಹೆಸರುಗಳು ನೆನಪಾಗುತ್ತಿರಲಿಲ್ಲ.

ನೀತಿ: ಗೆಲುವನ್ನು ಹಣ ಕೊಟ್ಟು ತರಿಸಿಕೊಳ್ಳಬಹುದು, ನಮ್ಮವರನ್ನು ಹಾಗೆ ತರಿಸಿಕೊಳ್ಳಲಾಗದು. ಗೆಲ್ಲುವ ಆತುರದಲ್ಲಿ ಜೊತೆಗಿದ್ದವರನ್ನು ದೂರ ಮಾಡಿದರೆ, ಗೆದ್ದ ದಿನ ಸಂತೋಷ ಪಡಲು ಯಾರೂ ಉಳಿದಿರುವುದಿಲ್ಲ. ಅಂಥ ತಪ್ಪು ಆಗಿಹೋಗಿದ್ದರೆ, ಅವರ ಬಾಗಿಲಿಗೆ ನಾವೇ ನಡೆದು ಹೋಗಬೇಕು.