ದೊರೆಯ ಬಿಕ್ಕಳಿಕೆ, ದೆವ್ವದ ಊಟ

ಒಂದಾನೊಂದು ಊರಿನಲ್ಲಿ ಒಬ್ಬ ದೊರೆ ಇದ್ದ. ಊರಿನ ಹೆಸರು ಕೇಳಬೇಡಿ. ಹೆಸರು ಹಿಡಿದು ನೆನೆದರೆ ಊರಿಗೆ ಬಿಕ್ಕಳಿಕೆ ಬರುತ್ತದೆ. ಊರು ಬಿಕ್ಕಿದರೆ ಹೆಂಚು ಉದುರುತ್ತವೆ. ಹೆಂಚು ಹೊದಿಸಿಕೊಡುವವರು ಯಾರು, ನೀವಾ? ಸುಮ್ಮನೆ ಕೇಳಿ. ನಡುನಡುವೆ ಹೂಂ ಅನ್ನಿ. ಹೂಂ ಅನ್ನದಿದ್ದರೆ ನಾನು ಹೊದ್ದು ಮಲಗಿಬಿಡುತ್ತೇನೆ.

ಆ ಊರಿನಲ್ಲಿ ದೆವ್ವಗಳಿಗೆ ಬರವಿರಲಿಲ್ಲ. ಕ್ಷೌರದಂಗಡಿಯ ಕನ್ನಡಿಯಲ್ಲಿ ಒಂದಿತ್ತಂತೆ. ನೀವು ಮುಖ ತೋರಿಸಿದರೆ ಅದು ನಿಮಗೆ ನಿಮ್ಮ ಬೆನ್ನು ತೋರಿಸುತ್ತಿತ್ತಂತೆ. ಅಂಚೆ ಡಬ್ಬದಲ್ಲಿ ಒಂದಿತ್ತಂತೆ. ಕಾಗದ ಹಾಕಲು ಹೋದರೆ ಒಳಗಿನಿಂದ ಕೈ ಕುಲುಕುತ್ತಿತ್ತಂತೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇನ್ನೊಂದು. ಅದು ಪಕ್ಕದಲ್ಲಿ ಕೂತು ಟೈಮೆಷ್ಟು ಅಂತ ಕೇಳುತ್ತಿತ್ತಂತೆ, ಹೇಳಿದರೆ ಆ ಟೈಮನ್ನೇ ಎತ್ತಿಕೊಂಡು ಹೋಗುತ್ತಿತ್ತಂತೆ. ಅದಕ್ಕೇ ಆ ಊರಿಗೆ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಇವನ್ನು ಕಣ್ಣಾರೆ ನೋಡಿದವರು ಯಾರೂ ಇಲ್ಲ. ನೋಡಿದವರನ್ನು ನೋಡಿದವರು ಮಾತ್ರ ಬೇಕಾದಷ್ಟು ಜನ.

ಎಲ್ಲಕ್ಕಿಂತ ಘೋರವಾದದ್ದು ಹಿಟ್ಟಿನ ಗಿರಣಿಯ ದೆವ್ವ. ಅದರ ಹಲ್ಲು ಒನಕೆಯಷ್ಟುದ್ದ. ಅದರ ಜಡೆ ಗಿರಣಿಯ ಬೆಲ್ಟಿನಷ್ಟುದ್ದ. ಮಟಮಟ ಮಧ್ಯಾಹ್ನ ಗಿರಣಿಯವನು ಊಟಕ್ಕೆ ಹೋದಾಗ ಅದು ಮೂಲೆಯಲ್ಲಿ ಬಂದು ಕೂರುತ್ತದೆ, ಸಿಕ್ಕಿದವರನ್ನು ರಾಗಿಯ ಜೊತೆ ಬೀಸಿಬಿಡುತ್ತದೆ ಅಂತ ಜನ ಹೇಳುತ್ತಿದ್ದರು. ಮುದ್ದೆ ಗಂಟಾದರೆ ಸಾಕು, ಇದರಲ್ಲಿ ಯಾರೋ ಇದ್ದಾರೆ ಅಂತ ತಟ್ಟೆ ಸರಿಸುತ್ತಿದ್ದರು.

ಈಗ ದೊರೆಯ ವಿಷಯಕ್ಕೆ ಬರೋಣ. ಅವನ ಹೆಸರು ಚಂಡಪ್ರಚಂಡ ಗಜರಾಯ. ಹೆಸರು ಅಷ್ಟು ದೊಡ್ಡದು, ಆಳು ಮಾತ್ರ ಬಲು ಸಾಧು. ಯುದ್ಧ ಬೇಡ, ಬೇಟೆ ಬೇಡ. ಅವನಿಗೆ ಇದ್ದದ್ದು ಒಂದೇ ಒಂದು ಹುಚ್ಚು. ಕಂಡವರನ್ನೆಲ್ಲ "ಊಟ ಆಯ್ತಾ?" ಅಂತ ಕೇಳುವುದು. ಮಂತ್ರಿಯನ್ನು ಕೇಳಿದ. ಕಾವಲುಗಾರನನ್ನು ಕೇಳಿದ. ನಾಯಿಯನ್ನು, ಬಾಗಿಲನ್ನು, ದೀಪದ ಕಂಬವನ್ನು ಕೇಳಿದ. ಕೇಳುವುದು, ಮುಂದೆ ಹೋಗುವುದು. ಉತ್ತರಕ್ಕೆ ನಿಂತವನೇ ಅಲ್ಲ. ಒಬ್ಬನ ಉತ್ತರಕ್ಕೆ ನಿಂತರೆ ಇನ್ನೊಬ್ಬನನ್ನು ಕೇಳಲು ತಡವಾಗುತ್ತದಲ್ಲ.

ದೊರೆಯನ್ನು ಮಾತ್ರ ಯಾರೂ ಕೇಳುವ ಹಾಗಿರಲಿಲ್ಲ. ದೊರೆಯ ಮುತ್ತಜ್ಜನಿಗೆ ಯಾರೋ ಏನೋ ಕೇಳಿ, ಅವನಿಗೆ ಉತ್ತರ ಗೊತ್ತಿಲ್ಲದೆ ಮಾನ ಹೋಗಿತ್ತಂತೆ. ಅವತ್ತಿನಿಂದ ಸಿಂಹಾಸನದ ಮೇಲೆ ಕೂತವರಿಗೆ ಪ್ರಶ್ನೆ ಹಾಕಬಾರದು ಅಂತ ಕಟ್ಟಳೆ. ಹೆಂಡತಿಯೂ ಕೇಳಬಾರದು, ಎತ್ತಿ ಆಡಿಸಿದ ಅಜ್ಜಿಯೂ ಕೇಳಬಾರದು. ಹೂಂ ಅಂದಿರಾ? ಸರಿ.

ಒಂದು ದಿನ ದೊರೆ ಊಟಕ್ಕೆ ಕೂತ. ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ಬಾಯಿಗಿಟ್ಟ. ಹಿಕ್. ತುತ್ತು ಹೊರಗೆ ಬಂತು. ಇನ್ನೊಂದು ತುತ್ತು ಇಟ್ಟ. ಹಿಕ್. ಅದೂ ಹೊರಗೆ ಬಂತು. ರಾತ್ರಿಯೂ ಹಿಕ್, ಮಾರನೆಯ ಬೆಳಿಗ್ಗೆಯೂ ಹಿಕ್. ನೀರು ಹೇಗೋ ಇಳಿಯುತ್ತಿತ್ತು, ಅನ್ನ ಇಳಿಯುತ್ತಿರಲಿಲ್ಲ.

ದೊರೆ ಬಿಕ್ಕಿದರೆ ಆಸ್ಥಾನವೂ ಬಿಕ್ಕಬೇಕು, ಅದು ಮರ್ಯಾದೆ. ಆಸ್ಥಾನ ಬಿಕ್ಕಿದರೆ ಊರು ಬಿಕ್ಕಬೇಕು, ಅದು ಭಕ್ತಿ. ಮೊದಲು ಮರ್ಯಾದೆಗೆ ಬಿಕ್ಕಿದರು, ಆಮೇಲೆ ನಿಲ್ಲಿಸಲಾಗದೆ ಬಿಕ್ಕಿದರು. ಹಾಲಿನವಳು ಬಿಕ್ಕಿ ಹಾಲು ಚೆಲ್ಲಿದಳು. ದರ್ಜಿ ಬಿಕ್ಕಿ ಅಂಗಿಯ ತೋಳನ್ನು ಬೆನ್ನಿಗೆ ಹೊಲಿದ. ಕ್ಷೌರದ ಕತ್ತಿಯಂತೂ ಸಾಬೂನಿನ ಬಟ್ಟಲಲ್ಲಿ ಮುಖ ಮುಚ್ಚಿಕೊಂಡು, ಇಂಥ ಗಂಟಲುಗಳ ಹತ್ತಿರ ನಾನು ಹೋಗುವುದಿಲ್ಲ, ನನಗೂ ಪಾಪದ ಭಯ ಇದೆ ಅಂದಿತು. ಊರಿನ ಗಂಡಸರಿಗೆಲ್ಲ ಗಡ್ಡ ಬಂತು.

ದೊರೆ ಸೊರಗಿ ಕಡ್ಡಿಯಾದ. ಬೆರಳಿನ ಉಂಗುರ ಮೊಣಕೈಗೆ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ ತಲೆಯ ಮೇಲೆ ಕಿರೀಟ ಮಾತ್ರ ಇತ್ತು. ಒಂದೊಂದು ಬಿಕ್ಕಿಗೂ ಅದು ಎಗರಿ, ತಿರುಗಿ, ತಲೆಗೇ ಬೀಳುತ್ತಿತ್ತು. ಕೊನೆಗೆ ಕಿರೀಟವೇ ಬಾಯಿಬಿಟ್ಟು, ನಾನು ಕಿರೀಟ ಸ್ವಾಮಿ, ಕಾವಲಿ ಮೇಲಿನ ದೋಸೆ ಅಲ್ಲ ಅಂತ ಗೊಣಗಿತು. ವೈದ್ಯರು ನಾಡಿ ಹಿಡಿದು ನೋಡಿದರು. ಹೀಗೇ ಉಪವಾಸ ಇದ್ದರೆ ಬರುವ ಅಮಾವಾಸ್ಯೆಯನ್ನು ದೊರೆಗಳು ಕಾಣುವುದಿಲ್ಲ ಅಂದರು.

ಆಗ ಅಜ್ಜಿ ಕೋಲೂರಿಕೊಂಡು ಬಂದಳು. ಆಕೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು.

"ಯಾರೋ ನಿನ್ನ ನೆನೆಸ್ಕೊಳ್ತಾವ್ರೆ ಕಣಪ್ಪ," ಅಂದಳು. "ಯಾರು ಅಂತ ನಾನು ಕೇಳೋ ಹಂಗಿಲ್ಲ. ನೀನೇ ಒಬ್ಬೊಬ್ಬರ ಹೆಸರು ಹೇಳ್ಕೊಂಡು ಬಾ. ಸರಿಯಾದ ಹೆಸರು ಬಾಯಿಗೆ ಬಂದಾಗ ನಿಲ್ತದೆ."

ದೊರೆ ಹೆಸರು ಹೇಳಿದ. ನಂಟರ ಹೆಸರು ಹೇಳಿದ, ನಿಲ್ಲಲಿಲ್ಲ. ಊರವರ ಹೆಸರು ಹೇಳಿದ, ನಿಲ್ಲಲಿಲ್ಲ. ಶತ್ರುಗಳ ಹೆಸರು, ದನಕರುಗಳ ಹೆಸರು, ಮಾವಿನಹಣ್ಣಿನ ಹೆಸರು ಹೇಳಿದ. ಹಿಕ್, ಹಿಕ್, ಹಿಕ್.

ಮಂತ್ರಿ ತಿಮ್ಮರಸಯ್ಯ ಬುದ್ಧಿವಂತ. ಅದೇ ತೊಂದರೆ. ನೆನೆಯುವುದರಿಂದ ತಾನೇ ಬಿಕ್ಕಳಿಕೆ ಬರುವುದು, ಹಾಗಾದರೆ ನೆನೆಯುವುದನ್ನೇ ನಿಲ್ಲಿಸೋಣ ಅಂದ. ಇಂದಿನಿಂದ ಯಾರೂ ದೊರೆಯನ್ನು ನೆನೆಯಕೂಡದು ಅಂತ ಬೀದಿ ಬೀದಿಯಲ್ಲಿ ಡಂಗುರ ಹೊಡೆಸಿದ. ಹುಟ್ಟಿದಾಗಿನಿಂದ ದೊರೆಯ ಯೋಚನೆಯೇ ಮಾಡದಿದ್ದ ಜನ ಈಗ ಬೆಳಿಗ್ಗೆ ಎದ್ದ ಕೂಡಲೇ ಕೂತು, ದೊರೆಯನ್ನು ನೆನೆಯಬಾರದು, ದೊರೆಯನ್ನು ನೆನೆಯಬಾರದು ಅಂತ ಜಪ ಮಾಡತೊಡಗಿದರು. ಅರಮನೆಯಲ್ಲಿ ದೊರೆ ಕಡಲೆ ಹುರಿದ ಹಾಗೆ ಸಿಡಿದ.

ಹೆದರಿಸಿದರೆ ನಿಲ್ಲುತ್ತದೆ ಅಂತ ಇನ್ನೊಬ್ಬರು ಅಂದರು. ಊರಿನಲ್ಲಿ ದೆವ್ವದ ಕತೆ ಹೇಳುವವರೆಲ್ಲ ಸಾಲಾಗಿ ಬಂದರು. ಕನ್ನಡಿಯ ದೆವ್ವದ ಕತೆ ಆಯಿತು, ಡಬ್ಬದ ದೆವ್ವದ ಕತೆ ಆಯಿತು. ಆದರೆ ಕತೆ ಹೇಳುವವನು ದನಿ ತಗ್ಗಿಸಿ, ಕಣ್ಣು ಅಗಲಿಸಿ, ಆಗ ಬೆನ್ನ ಹಿಂದೆ ನಿಂತಿತ್ತು ಸ್ವಾಮಿ ಅನ್ನುವಷ್ಟರಲ್ಲಿ ದೊರೆ ಹಿಕ್ ಅನ್ನುತ್ತಿದ್ದ. ಆಸ್ಥಾನವೆಲ್ಲ ಹಿಕ್ ಅನ್ನುತ್ತಿತ್ತು. ಆಮೇಲೆ ಎಲ್ಲರೂ ನಗುತ್ತಿದ್ದರು. ಹಿಕ್ ಅಂದ ಮೇಲೆ ಯಾವ ದೆವ್ವಕ್ಕೂ ಮರ್ಯಾದೆ ಉಳಿಯುವುದಿಲ್ಲ.

ಕೊನೆಗೆ ಗಿರಣಿಯ ಬೋರಲಿಂಗಯ್ಯ ಕೈಕಟ್ಟಿ ನಿಂತ. ಕತೆ ಯಾಕೆ ಬುದ್ಧಿ, ಅಸಲು ದೆವ್ವವೇ ನಮ್ಮ ಗಿರಣಿಯಲ್ಲಿದೆ, ಅದಕ್ಕೆ ಹೆದರಿಯೇ ನಾನು ಮಧ್ಯಾಹ್ನದ ಊಟವನ್ನು ಸಂಜೆವರೆಗೂ ಎಳೆಯುತ್ತೇನೆ ಅಂದ.

ಮರುದಿನ ಮಟಮಟ ಮಧ್ಯಾಹ್ನ ಪಲ್ಲಕ್ಕಿ ಗಿರಣಿಗೆ ಬಂತು. ಕಿರೀಟ, ನಾನು ಯಂತ್ರದೊಳಗೆ ಬಿದ್ದರೆ ನುಚ್ಚಾಗುತ್ತೇನೆ, ಬರುವುದಿಲ್ಲ ಅಂತ ಹಟ ಹಿಡಿಯಿತು. ಅದನ್ನು ಮಂತ್ರಿಯ ಕೈಗೆ ಕೊಟ್ಟು ದೊರೆ ಒಬ್ಬನೇ ಒಳಗೆ ಹೋದ. ಮಂತ್ರಿ, ಕಾವಲಿನವರು ಹೊರಗೆ ಗೋಡೆಗೆ ಕಿವಿ ಹಚ್ಚಿ ನಿಂತರು. ಹಿಕ್ ಕೇಳಿಸುವವರೆಗೂ ದೊರೆ ಇದ್ದಾರೆ ಅಂತ ಲೆಕ್ಕ.

ಒಳಗೆ ಮೂಲೆಯಲ್ಲಿ, ಖಾಲಿ ಚೀಲದ ಮೇಲೆ, ಒಬ್ಬ ಬಡಕಲು ಹೆಂಗಸು ಕೂತಿದ್ದಳು. ತಲೆಯಿಂದ ಕಾಲಿನವರೆಗೆ ಹಿಟ್ಟು. ಒನಕೆಯ ಹಲ್ಲಿರಲಿಲ್ಲ, ಇದ್ದ ಹಲ್ಲುಗಳಲ್ಲೂ ಕೆಲವು ಉದುರಿದ್ದವು. ದೊರೆಯನ್ನು ಕಂಡದ್ದೇ ಎದ್ದು ನಿಂತು ಸೆರಗು ಹೊದ್ದಳು.

ದೊರೆ ಬಂದ ಕೆಲಸ ಹೇಳಿದ. ತಾನು ಹೆದರಬೇಕು, ದಯವಿಟ್ಟು ಹೆದರಿಸಬೇಕು ಅಂದ. ದೆವ್ವ ತುಂಬಾ ಸಂಕೋಚಪಟ್ಟಿತು. ನಿಮ್ಮನ್ನು ಹೆದರಿಸಲು ನನಗೆ ಮನಸ್ಸು ಬಾರದು ಅಂದಿತು. ಆದರೂ ದೊರೆಯ ಮಾತು ತೆಗೆದುಹಾಕಬಾರದು ಅಂತ ಪಾದ ಹಿಂದು ಮುಂದು ಮಾಡಿ ತೋರಿಸಿತು. ಹಿಕ್. ನಿಂತಲ್ಲೇ ಸೂರಿನವರೆಗೆ ಬೆಳೆಯಿತು. ಹಿಕ್. ಕೊನೆಗೆ ತಲೆ ಕಳಚಿ ಕೈಯಲ್ಲಿ ಹಿಡಿಯಿತು. ದೊರೆ ಆ ತಲೆಯನ್ನು ನೋಡಿದ. ಹೊಸ ಮುಖ ಕಂಡರೆ ಸುಮ್ಮನಿರುವ ಆಳೇ ಅಲ್ಲ ಅವನು.

"ಊಟ ಆಯ್ತಾ?" ಅಂದ. ಅಂದವನೇ ರೂಢಿಯಂತೆ ಬಾಗಿಲ ಕಡೆ ತಿರುಗಿದ.

ಆಗ ಬೀಸುಕಲ್ಲು ಮಾತಾಡಿತು. "ಈ ಸಲನಾದ್ರೂ ನಿಂತು ಕೇಳಯ್ಯ," ಅಂದಿತು. "ಅವಳ ಉತ್ತರ ಕೇಳಿ ಕೇಳಿ ನನ್ನ ಹಲ್ಲು ಸವೆದ್ಹೋಯ್ತು."

ದೊರೆ ನಿಂತ. ಕೇಳಿ ನಿಂತದ್ದು ಅವನ ಬದುಕಿನಲ್ಲಿ ಅದೇ ಮೊದಲು.

ದೆವ್ವ ತಲೆಯನ್ನು ಜಾಗದಲ್ಲಿಟ್ಟುಕೊಂಡಿತು. ಬಿಕ್ಕಳಿಕೆ ಹತ್ತಿದ ದಿನ ನೀವು ಈ ದಾರಿಯಲ್ಲಿ ಪಲ್ಲಕ್ಕಿಯಲ್ಲಿ ಹೋದಿರಿ ಅಂತ ನೆನಪು ಮಾಡಿತು. ಬಾಗಿಲಲ್ಲಿ ಬಿಳಿಯಾಗಿ ಕೂತವಳನ್ನು ಕಂಡು, ಗಿರಣಿಯ ಕೆಲಸದವಳು ಅಂದುಕೊಂಡು, ಊಟ ಆಯ್ತಾ ಅಂದಿರಿ. ಸತ್ತಾಗಿನಿಂದ ಕಂಡವರೆಲ್ಲ ಕಿರುಚಿದರು, ಉಗಿದರು, ಪೊರಕೆ ಎಸೆದರು, ಕಾಲಿಗೆ ಬುದ್ಧಿ ಹೇಳಿದರು. ಊಟ ಆಯ್ತಾ ಅಂದವರು ನೀವೊಬ್ಬರೇ. ಉತ್ತರ ಹೇಳಲು ಓಡಿ ಬರುವಷ್ಟರಲ್ಲಿ ಪಲ್ಲಕ್ಕಿ ತಿರುವು ದಾಟಿತ್ತು. ಅವತ್ತಿನಿಂದ ಕೂತರೂ ನಿಂತರೂ ನಿಮ್ಮದೇ ನೆನಪು, ಮತ್ತೆ ಬಂದರೆ ಏನು ಹೇಳಬೇಕು ಅಂತ ದಿನಾ ಬಾಯಿಪಾಠ ಮಾಡುತ್ತೇನೆ ಅಂದಿತು. ಕಣ್ಣೀರು ಇಳಿದು ಕೆನ್ನೆಯ ಮೇಲೆ ಹಿಟ್ಟು ಕಲಸಿಕೊಂಡಿತು.

"ಹಂಗಾದ್ರೆ ಹೇಳು ತಾಯಿ," ಅಂದ ದೊರೆ.

"ಇಲ್ಲ ಬುದ್ಧಿ," ಅಂದಿತು ದೆವ್ವ. "ನಂದು ಆಗಿಲ್ಲ." ಆಮೇಲೆ ಮೆಲ್ಲಗೆ ಕೇಳಿತು, "ನಿಮ್ದಾಯ್ತಾ?"

ಗಂಟಲಿಗೆ ಬಂದಿದ್ದ ಬಿಕ್ಕಳಿಕೆ ಗಂಟಲಲ್ಲೇ ನಿಂತಿತು. ಆ ಮಾತನ್ನು ಅವನಿಗೆ ಯಾರೂ ಕೇಳಿರಲಿಲ್ಲ. ದಿನಾ ಅಷ್ಟು ಜನಕ್ಕೆ ಹಂಚಿದ ಮಾತು, ಒಂದೇ ಒಂದು ಸಲ ಅವನ ಕಡೆಗೆ ತಿರುಗಿ ಬಂದಿರಲಿಲ್ಲ. ಅವನ ಕಣ್ಣೂ ತುಂಬಿತು.

"ಇಲ್ಲ ಕಣವ್ವ," ಅಂದ. "ನಂದೂ ಆಗಿಲ್ಲ."

ಆಮೇಲೆ ಏನು? ಬೋರಲಿಂಗಯ್ಯ ಚಹಾ ಕಾಯಿಸುವ ಒಲೆ ಇತ್ತು, ಪಾತ್ರೆ ಇತ್ತು. ರಾಗಿ ಹಿಟ್ಟಿಗಂತೂ ಗಿರಣಿಯಲ್ಲಿ ಬರವಿಲ್ಲ. ದೊರೆ ಒಲೆ ಊದಿದ, ದೆವ್ವ ಮುದ್ದೆ ಕಟ್ಟಿತು. ಬೋರಲಿಂಗಯ್ಯನ ಬುತ್ತಿ ಗಂಟಿನಲ್ಲಿದ್ದ ಉಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ ಇಟ್ಟುಕೊಂಡು ಎದುರುಬದುರು ಕೂತು ಉಂಡರು. ತುತ್ತು ಒಳಗೆ ಹೋಯಿತು, ಒಳಗೇ ಉಳಿಯಿತು. ದೆವ್ವ ಉಣ್ಣುತ್ತದಾ ಅಂತ ಕೇಳಬೇಡಿ. ಕಿರೀಟ ಮಾತಾಡಿದಾಗ ಸುಮ್ಮನಿದ್ದವರು ಈಗ ಸಾಕ್ಷಿ ಕೇಳುತ್ತೀರಾ?

ಉಂಡ ಮೇಲೆ ದೊರೆ ಒಂದು ಬೇಡಿಕೆ ಇಟ್ಟ. ದಿನದಲ್ಲಿ ಊಟದ ಹೊತ್ತಿಗೆ ಮಾತ್ರ ನನ್ನನ್ನು ಸ್ವಲ್ಪ ಮರೆಯಬಹುದಾ ಅಂದ.

"ಮರೆತ್ರೆ ನಾನಿರಾಕಿಲ್ಲ ಬುದ್ಧಿ," ಅಂದಿತು ದೆವ್ವ. "ಹೆಸರು ಮರೆತೋಯ್ತು. ಊರು ಮರೆತೋಯ್ತು. ಹೆಂಗೆ ಸತ್ತೆ ಅನ್ನೋದೂ ಮರೆತೋಯ್ತು. ಉಳಿದಿರೋದು ಇದೊಂದೇ. ಇದೂ ಹೋದ್ರೆ ಬರೀ ಹಿಟ್ಟು, ಗಾಳಿಗೆ ಹಾರಿಹೋಯ್ತೀನಿ."

ದೊರೆ ಯೋಚಿಸಿದ. ಹಾಗಾದರೆ ಮರೆಯಲೇಬೇಡ ಅಂದ. ಎದುರಿಗೆ ಕೂತು ಉಣ್ಣುವವರನ್ನು ಯಾರೂ ನೆನೆಯುವುದಿಲ್ಲ. ನೆನಪೇನಿದ್ದರೂ ಇಲ್ಲದವರದ್ದು. ಆದ್ದರಿಂದ ದಿನಾ ಮಧ್ಯಾಹ್ನ ಇಲ್ಲಿಗೇ ಬರುತ್ತೇನೆ, ನಿನ್ನ ಎದುರಿಗೇ ಉಣ್ಣುತ್ತೇನೆ, ಉಳಿದ ಹೊತ್ತು ನೀನು ಎಷ್ಟು ಬೇಕಾದರೂ ನೆನೆ ಅಂದ. ನಿನ್ನ ಉಪಕಾರ ದೊಡ್ಡದು ತಾಯಿ ಅಂತ ಕೈ ಮುಗಿದ. ಇಲ್ಲ, ನಿಮ್ಮದೇ ದೊಡ್ಡದು ಅಂತ ದೆವ್ವ ಕೈ ಮುಗಿಯಿತು. ಇದು ಮುಗಿಯುವ ಜಗಳವಲ್ಲ ಅಂತ ಬೀಸುಕಲ್ಲು ಆಕಳಿಸಿತು.

ಇತ್ತ ಹೊರಗೆ ಹಿಕ್ ನಿಂತುಹೋಗಿತ್ತು. ಮಂತ್ರಿ ಎದೆ ಬಡಿದುಕೊಂಡ. ದೊರೆಗಳನ್ನು ದೆವ್ವ ಬೀಸಿಬಿಟ್ಟಿತು ಅಂತ ಸುದ್ದಿ ಬೀದಿಗೆ ಬಂತು. ಅಗಸರ ಕೇರಿ ತಲುಪುವ ಹೊತ್ತಿಗೆ ದೊರೆ ನುಣ್ಣಗೆ ಹಿಟ್ಟಾಗಿದ್ದ. ಸಂತೆ ಬೀದಿ ತಲುಪುವ ಹೊತ್ತಿಗೆ ಜರಡಿ ಹಿಡಿದೂ ಆಗಿತ್ತು. ಅಷ್ಟರಲ್ಲಿ ದೊರೆ ಗಿರಣಿಯಿಂದ ಹೊರಗೆ ಬಂದ, ತಲೆಯಿಂದ ಕಾಲಿನವರೆಗೆ ಬಿಳಿ, ಕಿರೀಟ ಇಲ್ಲ. ಊಟ ಆಯ್ತಾ ಅಂತ ಕೇಳುತ್ತ ಬಂದ. ದೊರೆಯ ದೆವ್ವ ಬಂತು ಅಂತ ಜನ ದಿಕ್ಕಾಪಾಲಾಗಿ ಓಡಿದರು. ಆ ಹೆದರಿಕೆಗೆ ಇಡೀ ಊರಿನ ಬಿಕ್ಕಳಿಕೆ ಒಂದೇ ಸಲ ನಿಂತಿತು. ಕ್ಷೌರದ ಕತ್ತಿ ಬಟ್ಟಲಿನಿಂದ ಎದ್ದು ಮೈ ಒರೆಸಿಕೊಂಡಿತು.

ಅರಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಜ್ಜಿ ಮಾತ್ರ ಓಡಲು ಆಗದೆ ಜಗುಲಿಯಲ್ಲೇ ಕೂತಿದ್ದಳು. ಮಂಜು ಕಣ್ಣಿಗೆ ಏನೋ ಬೆಳ್ಳಗೆ ಕಂಡಿತು. ದೆವ್ವವೋ, ಗಿರಣಿಯ ಆಳೋ, ಆಕೆಗೆ ತಿಳಿಯಲಿಲ್ಲ. ದೊರೆ ಅಂತೂ ಅಲ್ಲ, ಕಿರೀಟ ಇಲ್ಲವಲ್ಲ. ಕಿರೀಟ ಇಲ್ಲದವರನ್ನು ಕೇಳಬಹುದು.

"ಯಾರಪ್ಪ ಅದು?" ಅಂದಳು. "ಬಿಸಿಲಲ್ಲಿ ಬಂದಿದ್ದೀಯ. ಊಟ ಆಯ್ತಾ?"

"ಆಯ್ತು ಅಜ್ಜಿ," ಅಂದ ದೊರೆ. ದನಿ ಕೇಳಿ ಅಜ್ಜಿಗೆ ಗುರುತು ಸಿಕ್ಕಿತು. ಆಕೆ ಕೈ ಚಾಚಿ ಅವನ ಮುಖ ತಡವಿದಳು. ದೊರೆ ಮುಂದೆ ಹೋಗಲಿಲ್ಲ, ಪಕ್ಕದಲ್ಲಿ ಕೂತ. "ನಿಂದಾಯ್ತಾ?" ಅಂತ ಕೇಳಿದ. ಕೇಳಿ, ಕಾದ. ಅಜ್ಜಿ ಬೆಳಗಿನ ಗಂಜಿಯಿಂದ ಹಿಡಿದು ಹಲ್ಲಿಗೆ ಸಿಕ್ಕಿಕೊಂಡ ನಾರಿನವರೆಗೆ ಎಲ್ಲವನ್ನೂ ಹೇಳಿದಳು. ಅವನು ಎಲ್ಲವನ್ನೂ ಕೇಳಿದ.

ಅಷ್ಟರಲ್ಲಿ ದೊರೆಯ ಗಂಟಲು ಹಿಕ್ ಅಂತು.

"ಯಾರೋ ನೆನೆಸ್ಕೊಂಡ್ರು," ಅಂದಳು ಅಜ್ಜಿ. ನೀರು ತರಲು ಏಳಹೋದಳು.

ದೊರೆ ಆಕೆಯ ಕೈ ಹಿಡಿದು ಕೂರಿಸಿದ. "ಇರಲಿ ಬಿಡು ಅಜ್ಜಿ," ಅಂದ. "ನಂಗೂ ನೆನೆಸ್ಕೊಳ್ಳೋರು ಒಬ್ರಿದ್ದಾರೆ."

ಇದರ ನೀತಿ ಏನಪ್ಪಾ ಅಂದರೆ, ತಲೆ ಕಳಚಿದವರನ್ನು ಕಂಡರೆ ಓಡಬೇಡಿ, ಮೊದಲು ಊಟ ವಿಚಾರಿಸಿ, ಆಮೇಲೆ ಓಡಿ. ಕತೆ ಗಿರಣಿಗೆ ಹೋಯಿತು, ಹಿಟ್ಟು ಮನೆಗೆ ಬಂತು, ಹೂಂ ಅಂದವರ ಹೊಟ್ಟೆ ತಣ್ಣಗಿರಲಿ. ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮ್ಮ ಉಪಕಾರ ಮರೆಯಲಾರೆ. ನಾಳೆ ನಿಮಗೆ ಬಿಕ್ಕಳಿಕೆ ಬಂದರೆ ನನ್ನ ಮೇಲೆ ಸಿಟ್ಟಾಗಬೇಡಿ.