ಸಂದು ಮುಚ್ಚಲೆಂದು ಕಾದ ದೋಣಿ

ಕೆರೆದಂಡೆಯ ಇಳಿಜಾರಿನಲ್ಲಿ ಹೊಸ ಮರದ ದೋಣಿಯೊಂದು ನಿಂತಿತ್ತು. ಅಂಬಿಗ ದುರುಗಪ್ಪ ಎಷ್ಟು ತಳ್ಳಿದರೂ ಅದು ನೀರಿನತ್ತ ಕದಲಲಿಲ್ಲ. ದಡದಲ್ಲಿದ್ದ ಮುದಿ ಆಮೆ ಕಾರಣ ಕೇಳಿತು.

"ನನ್ನ ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದಿದೆ, ಆಮೆಯಜ್ಜ. ಅದು ಮುಚ್ಚಿದ ಮೇಲೆ ಇಳಿಯುತ್ತೇನೆ," ಎಂದಿತು ದೋಣಿ.

"ಮರ ನೆನೆದು ಉಬ್ಬಿದರೇ ಸಂದು ಮುಚ್ಚುವುದು, ಮಗಳೇ. ಬಿಸಿಲಲ್ಲಿ ಕೂತರೆ ಇನ್ನಷ್ಟು ಬಿಡುತ್ತದೆ."

"ಸೋರುವ ಮೈ ಹೊತ್ತು ನೀರಿಗಿಳಿಯಲು ನನಗೇನು ಬುದ್ಧಿ ಕೆಟ್ಟಿದೆಯೇ?"

ದೋಣಿ ಎಂಟು ದಿನ ಅಲ್ಲೇ ಕೂತಿತು. ಸಂದು ಹುಲ್ಲುಕಡ್ಡಿ ತೂರುವಷ್ಟು ಅಗಲವಾಯಿತು. ಒಂಬತ್ತನೆಯ ದಿನ ದುರುಗಪ್ಪ ನೆಂಟರನ್ನೆಲ್ಲ ಕರೆತಂದು ಅದನ್ನು ನೀರಿಗೆ ನೂಕಿಯೇಬಿಟ್ಟ. ದೋಣಿ ದಡದ ಬಳಿಯೇ ಅಂಚಿನವರೆಗೆ ಮುಳುಗಿ, ತನ್ನ ಕಥೆ ಮುಗಿಯಿತೆಂದುಕೊಂಡಿತು. ಆದರೆ ಎರಡು ದಿನ ನೆನೆದ ಹಲಗೆಗಳು ಉಬ್ಬಿ ಒಂದಕ್ಕೊಂದು ಬಿಗಿದುಕೊಂಡವು. ದುರುಗಪ್ಪ ನೀರು ಮೊಗೆದು ಚೆಲ್ಲಿದ ಮೇಲೆ ಒಳಗೆ ಒಂದು ಹನಿಯೂ ಬರಲಿಲ್ಲ.

ಮರುವಾರ ಅದೇ ಇಳಿಜಾರಿಗೆ ಇನ್ನೊಂದು ಹೊಸ ದೋಣಿ ಬಂತು. ಮೊದಲನೆಯದು ತೇಲುತ್ತ ಹತ್ತಿರ ಬಂದು ಅದಕ್ಕೆ ಗಂಭೀರವಾಗಿ ಹೇಳಿತು:

"ಆತುರಪಡಬೇಡ, ತಂಗಿ. ಎಂಟು ದಿನ ಬಿಸಿಲಿಗೆ ಮೈಯೊಡ್ಡಿ ಕಾದಿದ್ದಕ್ಕೇ ನಾನಿಂದು ಸೋರುತ್ತಿಲ್ಲ."